ನಮ್ಮ ಹುಲ್ಲುಹಾಸಿನಲ್ಲಿ ಬಿಡಾರ ಹೂಡಿರುವ ಕಪ್ಪೆಯವರಿಗೆ

ಮಾನ್ಯ ಕಪ್ಪೆಯವರೇ,

ಒಂದು ಕಾಲು ಕೆಸರಿನಲ್ಲಿ ಹೂತುಹೋಗಿರುವುದರಿಂದ ಇನ್ನೊಂದರ ಮೇಲೆ ನಿಂತು, ಎರಡೂ ಕೈ ಜೋಡಿಸಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಡುಗೆಮನೆಯ ಗೋಡೆಯೊಂದನ್ನು ಬಿಟ್ಟು ನಾವೆಲ್ಲರೂ ಕ್ಷೇಮ. ತಮ್ಮ ಮನೆತನ ದಿನದಿನಕ್ಕೂ ಬೆಳೆಯುತ್ತಿರುವ ಸಂತೋಷದ ಸುದ್ದಿ ಸಂಜೆಯ ಗಾಯನದಿಂದಲೇ ತಿಳಿಯುತ್ತಿದೆ. ಹಿಮ್ಮೇಳಕ್ಕೆ ಹೊಸಬರು ಸೇರಿದಂತಿದೆ.

ತಾವು ದಯಮಾಡಿಸುವ ಮುಂಚೆ ಇಲ್ಲಿ ಹುಲ್ಲಿತ್ತು. ಮಳೆ ಬಂದಾಗ ಒಂದಿಷ್ಟು ನೀರು ನಿಲ್ಲುತ್ತಿದ್ದುದು ನಿಜ. ಅದನ್ನು ಬೀದಿಯ ಚರಂಡಿಗೆ ಸಾಗಹಾಕಲು ಉದ್ದಕ್ಕೆ ಕಾಲುವೆ ತೋಡಿ, ಜಲ್ಲಿ ಹರಡಿ, ಮೈತುಂಬ ತೂತಿರುವ ಪೈಪೊಂದನ್ನು ಹೂಳೋಣವೆಂದು ಹೊರಟೆವು. ಕೆಲಸದ ಯಜಮಾನಿಕೆ, ಜೀವಮಾನವಿಡೀ ಬಟ್ಟೆ ಹೊಲಿದ ನಮ್ಮ ಮಾವನವರದು. ನಾನು ಇಳಿಜಾರು ಅಳೆಯುವ ರಸಮಟ್ಟ ತಂದುಕೊಟ್ಟರೆ, "ಅಳಿಯಂದಿರೇ, ಕೋಟು ಹೊಲಿಯೋಕೇ ಟೇಪು ಮುಟ್ಟಿದವನಲ್ಲ ನಾನು, ಅದನ್ನ ಒಳಗಿಡಿ" ಎಂದು ಹೊಲಿಗೆಯ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದರು. ಪೈಪು ಪ್ಯಾಂಟಿನ ಇಸ್ತ್ರಿಗೆರೆಯಂತೆ ನೇರವಾಗಿ ಕೂತಿತು. ಆದರೆ ಮೇಜಿನ ಮೇಲೆ ಹಾಸಿದ ಬಟ್ಟೆಗೆ ಇಳಿಜಾರೆಂಬುದು ಇರುವುದಿಲ್ಲ ನೋಡಿ, ಪೈಪು ಮನೆಯ ಕಡೆಗೇ ವಾಲಿತ್ತು. ಮುಂದಿನ ಮಳೆಗೆ ನಮ್ಮ ನೀರು ಬೀದಿಗೆ ಹೋಗುವ ಬದಲು ಬೀದಿಯ ನೀರೆಲ್ಲ ನಮ್ಮಲ್ಲಿಗೆ ಬಂತು. ಅದರ ಹಿಂದೆಯೇ, ಕರೆಯದೆ ಬರುವ ನೆಂಟರ ಗತ್ತಿನಲ್ಲಿ, ತಾವು.

ಪೈಪನ್ನು ಕಿತ್ತು ಮತ್ತೆ ಹೂಳುವುದು ಅರ್ಧ ದಿನದ ಕೆಲಸ. ಹೇಳುವವರಾರು ಎಂಬುದೇ ತೊಡಕು. ಕೋಟಿನ ತೋಳು ಗಿಡ್ಡವಾದಾಗಲೂ ಗಿರಾಕಿಯ ಕೈಯೇ ಉದ್ದವೆಂದು ಸಾಧಿಸಿ ಕಳಿಸಿದವರು ನಮ್ಮ ಮಾವ. ನನ್ನ ಹೆಂಡತಿಯೋ ಅವರದೇ ಬಟ್ಟೆಯ ತುಂಡು: "ನಮ್ಮಪ್ಪನ ಕಣ್ಣು ಸರಿಯಾಗೇ ಇದೆ, ನಿಮ್ಮ ನೆಲವೇ ಓರೆ" ಎಂದಳು. ಅತ್ತ ಗೋಡೆ ತೇವ ಕುಡಿದು ಊದಿಕೊಳ್ಳುತ್ತಿದೆ. ಹೀಗೇ ಬಿಟ್ಟರೆ ಗೋಡೆ ಮಲಗುತ್ತದೆ, ಮುಟ್ಟಿದರೆ ಮಾವನವರ ಮಾನ ಮಲಗುತ್ತದೆ. ಇವೆರಡನ್ನೂ ಎತ್ತಿ ನಿಲ್ಲಿಸುವ ಶಕ್ತಿ ತಮಗೊಬ್ಬರಿಗೇ ಇದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಮಾವನವರು ಬಿಸಿಲು ಕಾಯಲು ಬಂದ ಹೊತ್ತಿಗೆ ಅವರ ಮುಂದೆ ಕುಳಿತು, "ಯಜಮಾನರೇ, ತಮ್ಮ ಪೈಪು ಸರಿಯಾಗಿಯೇ ಇತ್ತು, ನಾನು ಕೂತು ಕೂತು ನನ್ನ ಭಾರಕ್ಕೆ ವಾಲಿಹೋಯಿತು" ಎಂದು ಒಂದೇ ಒಂದು ಮಾತು ಹೇಳಬೇಕು. ತಮ್ಮ ತೂಕವನ್ನು ಬಲ್ಲವರು ನಂಬಲಾರರು. ಮಾವನವರು ತಕ್ಷಣ ನಂಬುತ್ತಾರೆ. ಪ್ರತಿಯಾಗಿ ಹಿತ್ತಲಿನ ತೊಟ್ಟಿಯನ್ನು ತಮಗೂ ತಮ್ಮ ವಂಶಕ್ಕೂ ಬಿಟ್ಟುಕೊಡಲಾಗುವುದು, ಸೊಳ್ಳೆಗಳ ಸಮೇತ.

ಒಣನೆಲದ ಆಸೆಯಲ್ಲಿರುವ
ತಮ್ಮ ವಿಶ್ವಾಸಿ,
ಮನೆಯ ಅಳಿಯ

ಮರೆತ ಮಾತು: ತಾವಿನ್ನು ಬಾಯಿ ಬಿಡುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಈಗಷ್ಟೇ ಗೋಡೆಯ ಗಾರೆ ಹಿಡಿಯಷ್ಟು ಕಿತ್ತುಬಂದು ಮಾವನವರ ಊಟದ ತಟ್ಟೆಗೇ ಬಿತ್ತು. ಅವರು ಕೈ ತೊಳೆದು ಅಂಗಳಕ್ಕಿಳಿದು, ಒಂದು ಕಣ್ಣು ಮುಚ್ಚಿ ನೋಡಿ, "ಅಳಿಯಂದಿರೇ, ದಾರ ನೆಟ್ಟಗೇ ಇತ್ತು, ನೀವು ಅಗೆದಿದ್ದೇ ಸೊಟ್ಟ. ಮೊದಲೇ ಹೇಳಬಾರದಿತ್ತಾ? ಬನ್ನಿ, ಮತ್ತೆ ಅಗೀರಿ" ಎಂದು ಅಪ್ಪಣೆ ಕೊಟ್ಟಿದ್ದಾರೆ. ನಾನು ಒಪ್ಪಿಕೊಂಡು ಗುದ್ದಲಿ ಎತ್ತಿಕೊಂಡಿದ್ದೇನೆ. ತಮಗೆಂದು ಕಾದಿರಿಸಿದ್ದ ಅಪರಾಧಿಯ ಹುದ್ದೆಗೆ, ಮನೆಯವರೇ ಎಂಬ ಕಾರಣಕ್ಕೆ, ನನ್ನನ್ನೇ ನೇಮಿಸಲಾಗಿದೆ.