ದೊಡ್ಡ ಕಂಠ, ಸಣ್ಣ ಮುಖ

ದೊಡ್ಡ ಹಾಡುಗಾರರ ಕಂಠ ಅಂದರೆ ಹೇಗಿರಬೇಕು ಎಂಬ ಮಾತು ಎಲ್ಲಿ ಎದ್ದರೂ ನಾನು ಬಾಯಿ ಹಾಕುತ್ತೇನೆ. ಹಾಕಿದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತೇನೆ. ನಾನು ಹಾಡಿನವನಲ್ಲ, ಕೋಠಿಯ ಒಂದು ಔಷಧದ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವವನು. ವಿಜಯಪುರದ ಕಡೆಯಿಂದ ಈ ತೆಲುಗು ಸೀಮೆಗೆ ಬಂದು ಕಾಚಿಗೂಡದಲ್ಲಿ ಮನೆ ಮಾಡಿದ್ದೇನೆ. ಇಷ್ಟು ವರ್ಷ ಗಂಟಲಿನ ಗುಳಿಗೆ ಕೊಟ್ಟೂ ಕೊಟ್ಟೂ ಗಂಟಲಿನ ವಿಷಯವೆಲ್ಲ ನನಗೆ ಗೊತ್ತು ಎಂಬ ಭ್ರಮೆ ಹತ್ತಿಬಿಟ್ಟಿದೆ.

ತಪ್ಪೇ ಇಲ್ಲದ ಧ್ವನಿ

ಮೊದಲು ನನ್ನ ವಾದ ಇದ್ದದ್ದು ಹೀಗೆ: ದೊಡ್ಡ ಧ್ವನಿಯಲ್ಲಿ ಎಳ್ಳಷ್ಟೂ ತಪ್ಪಿರಬಾರದು. ಇದನ್ನು ಎಲ್ಲರಿಗೂ ಹೇಳುತ್ತ ತಿರುಗಿದ್ದಕ್ಕೆ, ನಮ್ಮ ಕನ್ನಡದವರ ಕೂಟದ ಗಾಯನ ಸ್ಪರ್ಧೆಗೆ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಮುಖ ನೋಡಿದರೆ ಮನಸ್ಸು ವಾಲುತ್ತದೆ ಎಂದು ನಾನು ವೇದಿಕೆಗೆ ಬೆನ್ನು ಹಾಕಿ ಕೂತೆ.

ಇಬ್ಬರು ಹಾಡಿ ಇಳಿದರು. ಮೂರನೆಯ ಧ್ವನಿ ಕೇಳಿದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ದೊಡ್ಡ ಕಂಠ ಅಂದ್ರ ಇದ ರೀ! ಒಂದು ಕೂದಲೆಳೆ ತಪ್ಪಿಲ್ಲ. ಉಳಿದವರು ಇವರ ಕಡೆ ಹೋಗಿ ಕಲೀರಿ!"

ವೇದಿಕೆಯಿಂದ ಒಬ್ಬ ಹುಡುಗಿ ಅಂಜುತ್ತ ಹೇಳಿದಳು, "ಸರ್, ನಾ ಇನ್ನೂ ಹಾಡೇ ಇಲ್ಲರಿ. ಮೈಕ್ ಸರಿ ಐತೋ ಇಲ್ಲೋ ನೋಡಾಕ ಮೊಬೈಲ್‌ನ್ಯಾಗಿನ ಹಾಡು ಹಚ್ಚಿದ್ದೆ."

ಅಷ್ಟು ಹೊಗಳಿಕೆಯ ಮೇಲೆ ಪಾಪ, ಅವಳು ಹಾಡಲು ಹೋಗಿ ಎರಡನೆಯ ಸಾಲಿಗೇ ತಡವರಿಸಿ ಕೂತುಬಿಟ್ಟಳು. ಅವಳ ತಾಯಿ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಕೂಟದ ಕಾರ್ಯದರ್ಶಿ ಮಾತ್ರ ಹತ್ತಿರ ಬಂದು ಗಂಭೀರವಾಗಿ ಕೇಳಿದರು: "ಹಂಗಾರ ಮೊದಲನೇ ಬಹುಮಾನ ಮೊಬೈಲ್‌ಗೆ ಕೊಡೂಣೇನ್ರಿ?"

ಒಡಕು ಗಂಟಲು

ಒಂದು ದಿನ ಮಧ್ಯಾಹ್ನ ಜುಬ್ಬಾ ತೊಟ್ಟ ಹಿರಿಯರೊಬ್ಬರು ಅಂಗಡಿಗೆ ಬಂದರು. ಮಾತಾಡಿದರೆ ತಗಡು ಎಳೆದಂತೆ ಸದ್ದು. "ಸಂಜೆ ಹಾಡೋದಿದೆ ಸಾಬ್, ಗಂಟಲಿಗೆ ಏನಾದ್ರೂ ಕೊಡಿ" ಎಂದು ಹಿಂದಿಯಲ್ಲಿ ಕೇಳಿದರು.

ಗುಳಿಗೆ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ನಾನು ನನ್ನ ಹಿಂದಿಯಲ್ಲಿ ಉಪದೇಶ ಸೇರಿಸಿದೆ: "ಭಾಯಿಸಾಬ್, ಈ ಗಂಟಲಲ್ಲಿ ಹಾಡಬೇಡಿ. ಕೇಳೋರ ಮೇಲೆ ಸ್ವಲ್ಪ ದಯೆ ಇರಲಿ." ಅವರು ನಕ್ಕು ಹೋದರು.

ಅಂದೇ ಸಂಜೆ ನಮ್ಮ ಮಾಲೀಕರು ತಮ್ಮ ಗೆಳೆಯರ ಮನೆಯ ಕವ್ವಾಲಿಗೆ ನನ್ನನ್ನು ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದರು. ಹಾರ್ಮೋನಿಯಂ ಮುಂದೆ ಅದೇ ಜುಬ್ಬಾ! ಆ ಒಡಕು ಗಂಟಲಿನಿಂದ ಮೊದಲ ಕೂಗು ಎದ್ದಾಗ ನನ್ನ ಎದೆಯೊಳಗೆ ಏನೋ ಕಿತ್ತು ಬಂದಂತಾಯಿತು. ಮೊದಲ ಹಾಡು ಮುಗಿಯುವಷ್ಟರಲ್ಲಿ ನಾನು ಕರವಸ್ತ್ರ ಒದ್ದೆ ಮಾಡಿಕೊಂಡಿದ್ದೆ.

ಅವರ ಕಣ್ಣು ನನ್ನ ಮೇಲೆ ಬಿತ್ತು. ಮೈಕಿನಲ್ಲೇ ಹೇಳಿದರು, "ಮುಂದೆ ಕೂತ ಆ ಔಷಧದ ಸಾಹೇಬರ ಕುರ್ಚಿ ಹಿಂದಕ್ಕೆ ಹಾಕಿ. ಅವರ ಮೇಲೆ ದಯೆ ಇರಲಿ."

ಮೇಲಿನ ಮನೆಯ ಸಾಧಕರು

ಅಲ್ಲಿಂದ ವಾದ ಬದಲಾಯಿಸಿದೆ. ಕಂಠ ಸ್ವಚ್ಛ ಇರಬೇಕಾಗಿಲ್ಲ, ತಳದಿಂದ ಬರಬೇಕು. ಆ ದಿನಗಳಲ್ಲೇ ಮೇಲಿನ ಮನೆಗೆ ನಮ್ಮ ಕಡೆಯ ಹೊಸ ಬಾಡಿಗೆಯವರು ಬಂದರು. ಮುಂಜಾನೆ ಅಲ್ಲಿಂದ ಬಾವಿಯಾಳದ ಗುಡುಗಿನಂಥ ಒಂದು ಸ್ವರ. ಹಳೆಯ ಉಸ್ತಾದರೊಬ್ಬರು ಸಾಧನೆ ಮಾಡುತ್ತಿದ್ದಾರೆ ಎಂದುಕೊಂಡು, ಬಾಳೆಹಣ್ಣು ಹಿಡಿದು ಮೇಲೆ ಹೋಗಿ ಕೈ ಮುಗಿದೆ. "ಎಷ್ಟು ವರ್ಷದ ಸಾಧನಾ ರೀ?"

ಅವರು ಹೆಗಲ ಮೇಲೆ ಟವೆಲ್, ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು. "ಮೂರು ದಿನಾ ಆತ್ರಿ. ಗಂಟಲು ಬಾತೈತಿ, ಉಪ್ಪುನೀರು ಮುಕ್ಕಳಿಸು ಅಂದಾರ ಡಾಕ್ಟರು."

ನಾನು ಔಷಧದ ಅಂಗಡಿಯವನು ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.

ಹೆಸರಿಲ್ಲದ ಎರಡು ಹಾಡು

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಮೂವರು ಗೆಳೆಯರ ಜೊತೆ ಇದೇ ಚರ್ಚೆ. ದೊಡ್ಡ ಕಂಠ ಹುಟ್ಟಿನಿಂದ ಬರುತ್ತದೋ, ಕಲಿತರೆ ಬರುತ್ತದೋ? ನಮ್ಮ ಕೂಗಾಟ ಕೇಳಲಾರದೆ ಮಗಳು ಮೊಬೈಲ್ ತಂದಿಟ್ಟಳು. "ಎರಡು ಹಾಡು ಹಚ್ತೀನಿ. ಯಾರ ಹಾಡು ಅಂತ ನಾ ಹೇಳಂಗಿಲ್ಲ. ಕೇಳಿ ಹೆಂಗೈತಿ ಹೇಳ್ರಿ ಅಪ್ಪಾ."

ಮೊದಲನೆಯದು ಹೆಣ್ಣಿನ ಧ್ವನಿ, ದೇವರ ಹಾಡು. ಯಾರಿಗೂ ಕೇಳಿಸಬಾರದು ಎಂಬಂತೆ ಮೆಲ್ಲಗೆ ಹಾಡಿದ್ದು. ನಾನು ಕಣ್ಣು ಮುಚ್ಚಿದೆ. "ಕಲಿತ ಕಂಠ ಅಲ್ಲ ಇದು. ಆದ್ರ ಇದರಾಗ ಜೀವ ಐತಿ. ನಾ ಕೇಳಿದ್ರಾಗ ಇದ ದೊಡ್ಡದು. ಯಾರವ್ವಾ ಈಕಿ?"

"ಅವ್ವ," ಅಂದಳು ಮಗಳು. "ನೀವು ಅಂಗಡಿಗೆ ಹೋದ ಮ್ಯಾಲೆ ಹಾಡ್ತಾಳ."

ನನಗೆ ನೆಲ ಬಿರಿಯಬಾರದೇ ಅನಿಸಿತು. ಮದುವೆಯಾದ ಹೊಸತರಲ್ಲಿ ಅವಳು ಒಂದು ಅರಿಷಿಣ ಕುಂಕುಮದಲ್ಲಿ ಹಾಡಿದ್ದಳು. "ನಿನ್ನ ಧ್ವನಿ ಭಾಳ ಸಾದಾ ಐತಿ" ಎಂದು ನಾಲ್ಕು ಜನರ ಎದುರಿಗೇ ಅಂದಿದ್ದೆ. ಆಮೇಲೆ ನನ್ನ ಮುಂದೆ ಅವಳು ಒಂದು ದಿನವೂ ಹಾಡಿಲ್ಲ. ಯಾಕೆ ಎಂದು ನಾನೂ ಕೇಳಿಲ್ಲ. ಈಗ ಅಡಿಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುವ ಸದ್ದು ನಿಂತುಹೋಗಿತ್ತು. ಗೆಳೆಯರು ನನ್ನ ಮುಖ ನೋಡಲಾರದೆ ಗೋಡೆ ನೋಡತೊಡಗಿದರು.

"ಇನ್ನೊಂದು ಹಚ್ಚು," ಎಂದೆ, ಹೇಗಾದರೂ ಮಾತು ಬದಲಾಗಲಿ ಎಂದು.

ಎರಡನೆಯದು ಗಂಡು ಧ್ವನಿ. ಹಿಂದೆ ನೀರು ಬೀಳುವ ಸದ್ದು. ನನ್ನ ನಾಚಿಕೆಯನ್ನೆಲ್ಲ ಆ ಬಡಪಾಯಿಯ ಮೇಲೆ ಸಿಟ್ಟು ಮಾಡಿ ತೀರಿಸಿಕೊಂಡೆ. "ಮೂಗಿನಾಗ ಹಾಡಾಕತ್ತಾನ! ತಾಳ ಒಂದು ಕಡೆ, ಇವ ಒಂದು ಕಡೆ. ಇವನಿಗೆ ಹಾಡು ಅಂದವರ್ಯಾರು? ಮನಿ ಮಂದಿ ಹೆಂಗ ತಡಕೊಂಡಾರ ಇವನ್ನ?"

ಹೆಂಡತಿ ಅವಲಕ್ಕಿಯ ತಟ್ಟೆ ಹಿಡಿದು ಹೊರಗೆ ಬಂದಳು.

"ಇಪ್ಪತ್ತಾರು ವರ್ಷ ಆತ್ರಿ," ಅಂದಳು. "ದಿನಾ ಮುಂಜಾನೆ ಬಚ್ಚಲಮನಿಯಿಂದ ಕೇಳಾಕತ್ತೀನಿ. ತಡಕೊಂಡೀನಿ."