ಜಗಳಕ್ಕೆ ಉಸಿರು ಸಾಲದ ನಡಿಗೆ

ಮನುಷ್ಯ ತನ್ನ ಮೈಯಲ್ಲಿ ಯಾವ ಭಾಗವನ್ನು ನಂಬಿದರೂ ಸೊಂಟವನ್ನು ಮಾತ್ರ ನಂಬಬಾರದು. ಕೂದಲು ಉದುರಿದರೆ ಬಾಚಣಿಗೆ ಹೇಳುತ್ತದೆ. ಹಲ್ಲು ಅಲುಗಾಡಿದರೆ ಕೋಡುಬಳೆ ಹೇಳುತ್ತದೆ. ಸೊಂಟ ಯಾರಿಗೂ ಹೇಳದೆ ಬೆಳೆಯುತ್ತದೆ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ನಾನು ದರ್ಜಿ. ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮಪ್ಪ ಇಟ್ಟ ಅಂಗಡಿಯನ್ನೇ ನಡೆಸಿಕೊಂಡು ಬಂದವನು. ರೇಷ್ಮೆಗೆ ಬಂಗಾರದ ಬೆಲೆ ಬಂದ ಆ ವರ್ಷಗಳಲ್ಲಿ ನಮ್ಮ ಸೀಮೆಯ ಸೊಂಟಗಳು ಹೇಗೆ ಹಿಗ್ಗಿದವು ಎಂಬುದಕ್ಕೆ ನನ್ನ ಟೇಪೇ ಸಾಕ್ಷಿ. ಗೂಡಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ನಡೆದು ಬರುತ್ತಿದ್ದ ರೈತರು ಟೆಂಪೋ ಹತ್ತಿದರು, ಆಮೇಲೆ ಮೋಟಾರ್ ಸೈಕಲ್ ಕೊಂಡರು, ಆಮೇಲೆ ಸಫಾರಿ ಹೊಲಿಸಲು ನನ್ನ ಬಳಿ ಬಂದರು. "ಟೈಲರಣ್ಣ, ಒಳಗಡೆ ಒಸಿ ಬಟ್ಟೆ ಬುಡಣ್ಣ, ಮುಂದಿನ ಬೆಳೆಗೆ ಬೇಕಾಯ್ತದೆ" ಎನ್ನುತ್ತಿದ್ದರು. ನಾನೂ ಒಳಗೊಳಗೇ ನಗುತ್ತ ಬಟ್ಟೆ ಬಿಡುತ್ತಿದ್ದೆ. ಹೀಗೆ ಊರವರ ಸೊಂಟ ನೋಡಿ ನಗುತ್ತ ಕೂತಿದ್ದವನಿಗೆ, ತನ್ನ ಪ್ಯಾಂಟಿನ ಒಳಗೆ ಬಿಟ್ಟಿದ್ದ ಬಟ್ಟೆಯೂ ಮುಗಿದು ಹಿಂಭಾಗದಲ್ಲಿ ಬೇರೆ ಬಣ್ಣದ ತುಂಡು ಸೇರಿಸಬೇಕಾಗಿ ಬಂದದ್ದು ಯಾವಾಗ ಎಂಬುದು ಇವತ್ತಿಗೂ ಸರಿಯಾಗಿ ತಿಳಿಯದು.

ಆ ತುಂಡನ್ನು ಮೊದಲು ನೋಡಿದವಳು ನನ್ನ ಹೆಂಡತಿ ಸಾಕಮ್ಮ. ನೋಡಿ ನಗಲಿಲ್ಲ. ಮಾರನೆಯ ದಿನವೇ ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಇದಕ್ಕೆ ಕಾರಣವಿತ್ತು. ನಮ್ಮಪ್ಪನೂ ದರ್ಜಿ, ನಮ್ಮಪ್ಪನಿಗೂ ಹೀಗೇ ಹೊಟ್ಟೆ. ಒಂದು ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಆಗ ಅವನಿಗಿದ್ದ ವಯಸ್ಸಿಗೆ ನಾನು ಬಂದಿದ್ದೆ, ಅವನು ಕೂರುತ್ತಿದ್ದ ಸ್ಟೂಲಿನ ಮೇಲೇ ಕೂರುತ್ತಿದ್ದೆ. ಸ್ಟೂಲು ಗಟ್ಟಿಮುಟ್ಟಾಗಿತ್ತು, ಬದಲಾಯಿಸಲು ಮನಸ್ಸಾಗಿರಲಿಲ್ಲ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೊಟ್ಟೆ ತಟ್ಟಿ ನೋಡಿ, ಯುಗಾದಿಯ ಹೊತ್ತಿಗೆ ಇದು ಇಳಿಯಬೇಕು, ಇಲ್ಲದಿದ್ದರೆ ಮಾತ್ರೆ ಶುರು ಮಾಡುತ್ತೇನೆ ಎಂದರು. ದಿನಾ ನಡೆಯಬೇಕಂತೆ. ಎಷ್ಟು ಜೋರಾಗಿ ಎಂದು ಕೇಳಿದೆ. "ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು" ಎಂದರು. ನನಗೆ ಕೂತಲ್ಲೇ ಹಾಡು ಹೇಳಲು ಆಗುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಿಂದ ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದರು. ಈ ಲೆಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರೇ ಸಾಕಲ್ಲವೇ ಎಂಬ ಪ್ರಶ್ನೆ ಬಾಯಿಗೆ ಬಂದಿತ್ತು. ಸಾಕಮ್ಮ ನನ್ನ ಮುಖ ನೋಡಿದಳು, ನುಂಗಿಕೊಂಡೆ.

ನಮ್ಮ ಕಡೆ ಒಂದು ಗುಣವುಂಟು. ಡಾಕ್ಟರು ಹೇಳಿದ್ದನ್ನು ಇನ್ನಿಬ್ಬರು ಒಪ್ಪುವವರೆಗೆ ಅದು ಜಾರಿಗೆ ಬರುವುದಿಲ್ಲ. ಮೊದಲು ಕೇಳಿದ್ದು ನನ್ನ ಅಂಗಡಿಯ ಎದುರು ಬಿಚ್ಚಾಣಿಕೆ ಮಾಡುತ್ತಿದ್ದ, ಎಂದರೆ ಗೂಡಿನಿಂದ ನೂಲು ತೆಗೆಯುತ್ತಿದ್ದ, ಬಷೀರ್ ಸಾಬರನ್ನು. ಅವರು ಎಲ್ಲವನ್ನೂ ನೂಲಿನ ಮೇಲಿಂದಲೇ ನೋಡುವವರು. "ಮೆಲ್ಲಗೆ ನಡೀರಿ ಟೈಲರಣ್ಣ. ಜೋರಾಗಿ ಎಳೆದ್ರೆ ನೂಲು ಕಟ್ ಆಗೋಯ್ತದೆ. ಓಡಿದ್ರೆ ಬೆಳಗ್ಗೆ ತಿಂದ ಅನ್ನ ಕರಗ್ತದೆ, ಮೆಲ್ಲಗೆ ನಡೆದ್ರೆ ಹಳೇ ಕೊಬ್ಬು ಕರಗ್ತದೆ" ಎಂದರು. ಈ ಸಿದ್ಧಾಂತ ನನಗೆ ಬಹಳ ಹಿಡಿಸಿತು. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ನಡೆಯತೊಡಗಿದೆವು. ಗೊಂಬೆ ಮಾಡುವವರ ಬೀದಿಯಲ್ಲಿ ಅರಗಿನ ವಾಸನೆ ಕುಡಿಯುತ್ತ, ತಿರುಗುವ ಬುಗುರಿಗೆ ಬಣ್ಣ ಹತ್ತುವುದನ್ನು ನಿಂತು ನೋಡುತ್ತ, ಗುರುತಿನವರ ಯೋಗಕ್ಷೇಮ ವಿಚಾರಿಸುತ್ತ ನಡೆದೆವು. ನಮ್ಮನ್ನು ಎಮ್ಮೆಗಳು ದಾಟಿ ಹೋದವು. ಬೀದಿಯ ಕೊನೆಯಲ್ಲಿ ಒಂದು ವಡೆಯ ಅಂಗಡಿಯಿತ್ತು. ಇಷ್ಟು ದೂರ ನಡೆದ ಮೇಲೆ ಒಂದು ವಡೆಗೆ ಹಕ್ಕಿದೆ ಎಂದು ಇಬ್ಬರಿಗೂ ಅನ್ನಿಸುತ್ತಿತ್ತು. ಆ ಒಂದು ವಡೆ ಒಂಟಿಯಾಗಿರುವುದನ್ನು ನೋಡಲಾಗದೆ ಇನ್ನೊಂದು ತರಿಸುತ್ತಿದ್ದೆವು. ತಿಂಗಳ ಕೊನೆಗೆ ಟೇಪು ಹಿಡಿದರೆ ಸೊಂಟ ಮುಂದಕ್ಕೇ ಹೋಗಿತ್ತು. ಬಷೀರ್ ಸಾಬರು ನೋಡಿ, "ಹಳೇದು ಕರಗೈತೆ ಅಣ್ಣಾ, ಇದು ಹೊಸದು" ಎಂದರು.

ಎರಡನೆಯ ಅಭಿಪ್ರಾಯ ಕೇಳದೆಯೇ ಬಂತು. ಸಾಕಮ್ಮನ ತಮ್ಮ ಪುಟ್ಟರಾಜು ಕನಕಪುರದ ಕಡೆ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಅವನ ಕುತ್ತಿಗೆಯಲ್ಲಿ ಸೀಟಿ ಇಲ್ಲದ್ದನ್ನು ನಾನು ಅವನ ಮದುವೆಯ ದಿನ ಮಾತ್ರ ನೋಡಿದ್ದೇನೆ. ನಮ್ಮ ಮನೆಯಿದ್ದ ಹಳ್ಳಿ ಅಕ್ಕೂರಿಗೆ ಅಕ್ಕನನ್ನು ನೋಡಲು ಬಂದವನು ನನ್ನ ಹೊಟ್ಟೆ ನೋಡಿ ನಾಲ್ಕು ದಿನ ಉಳಿದುಕೊಂಡ. "ಬಾವ, ನಾಲಿಗೆ ಈಚೆಗ್ ಬರ್ಬೇಕು. ಬರ್ನಿಲ್ಲ ಅಂದ್ರೆ ಅದು ಎಕ್ಸರ್ಸೈಜೇ ಅಲ್ಲ" ಎಂದು ಬೆಳಗಿನ ಚಳಿಯಲ್ಲಿ ಕೆರೆ ಏರಿಯ ಮೇಲೆ ನನ್ನನ್ನು ಓಡಿಸಿದ. ನಾನು ಓಡಿದೆ. ಊರಿನ ನಾಯಿಗಳೂ ಸಂತೋಷದಿಂದ ಜೊತೆಗೆ ಓಡಿದವು. ಇದಿರಿಗೆ ಬಂದ ಹೆಂಗಸರು ಯಾರ ಮನೆಯಲ್ಲಿ ಏನಾಯಿತೋ ಎಂದು ಕೊಡ ಕೆಳಗಿಟ್ಟು ನಿಂತರು. ನಾಲಿಗೆ ಹೊರಗೆ ಬಂತು. ಮಾತೂ ಇಲ್ಲ, ಹಾಡೂ ಇಲ್ಲ; ಎದೆ ಮಾತ್ರ ಒಳಗಿನಿಂದ ಬಾಗಿಲು ಬಡಿಯುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಅಪ್ಪನ ನೆನಪಾಯಿತು, ನಿಜವಾಗಿ ಹೆದರಿಕೆಯಾಯಿತು. ಪುಟ್ಟರಾಜು ಸೀಟಿ ಊದುತ್ತಲೇ ಇದ್ದ. ಅವನು ಊರಿಗೆ ಹೋದ ದಿನ ನನ್ನ ಎರಡು ಮೀನಖಂಡಗಳೂ ಕಲ್ಲಾಗಿದ್ದವು. ಮಿಷನ್ ತುಳಿಯಲೂ ಆಗದೆ ಪೇಟೆಯಿಂದ ನೀಲಗಿರಿ ಎಣ್ಣೆ ತಂದು, ಮೊಣಕಾಲಿಂದ ಹಿಮ್ಮಡಿಯವರೆಗೆ ಧಾರಾಳವಾಗಿ ತಿಕ್ಕಿಕೊಂಡು, ಹಾಯಾಗಿ ಮನೆಯೊಳಗೆ ಬಂದೆ.

ಇಲ್ಲಿ ನಮ್ಮ ಮನೆಯ ವಿಚಾರ ಹೇಳಬೇಕು. ಆಗೆಲ್ಲ ನಮ್ಮ ಊರಿನಲ್ಲಿ ಮನೆಗಳು ಹುಳುವಿನವು, ನಾವು ಬಾಡಿಗೆದಾರರು. ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು ಅಟ್ಟಣಿಗೆಯ ಮೇಲೆ ಸಾಲಾಗಿ ಇರುತ್ತಿದ್ದವು, ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳು ಇದ್ದಷ್ಟು ದಿನ ಒಗ್ಗರಣೆಯ ಹೊಗೆ ಒಳಗೆ ಹೋಗಬಾರದು, ಬೀಡಿ ಸೇದಿದವನು ಹೊಸಿಲು ದಾಟಬಾರದು, ಹೂ ಮುಡಿದವಳೂ ತೆಗೆದಿಟ್ಟು ಬರಬೇಕು. ಹುಳುವಿಗೆ ವಾಸನೆ ಆಗದು. ನೀಲಗಿರಿ ಎಣ್ಣೆಯಂತೂ ಮನುಷ್ಯರಿಗೇ ಕಣ್ಣಲ್ಲಿ ನೀರು ತರಿಸುವ ವಸ್ತು. ಎರಡನೇ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಆಗಷ್ಟೇ ಎದ್ದು ಸರಸರ ಸೊಪ್ಪು ಮೇಯುತ್ತಿದ್ದ ಹುಳುಗಳು ನಾನು ಒಳಗೆ ಕಾಲಿಟ್ಟ ಕೂಡಲೇ ಮೇಯುವುದನ್ನು ನಿಲ್ಲಿಸಿದವು. ಆ ಸದ್ದು ನಿಂತದ್ದು ನನಗೇ ಕೇಳಿಸಿತು. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿಕೊಂಡು ನಿಂತವು.

ಸಾಕಮ್ಮ ಕೂಗಾಡಲಿಲ್ಲ. "ಈಚೆಗ್ ನಡೀರಿ" ಎಂದಳು. ಹೊರಗೆ ಬಂದ ಮೇಲೆ, "ಊರ್ನೋರ್ ಮನೇಗೆಲ್ಲ ಊಜಿ ನೊಣ ಬತ್ತದೆ. ನಮ್ಮನೇಗೆ ನೀವೇ ಬಂದ್ರಿ" ಎಂದಳು. ಊಜಿ ನೊಣವೆಂದರೆ ಹುಳುವಿಗೆ ಯಮ. ಕಿಟಕಿ ಬಾಗಿಲು ತೆರೆದು, ಸೊಪ್ಪು ಬದಲಾಯಿಸಿ, ಅವಳು ತಟ್ಟೆಗಳ ಮುಂದೆ ಕಾದು ಕೂತಳು. ಸಂಜೆಯ ಹೊತ್ತಿಗೆ ಹುಳು ಮತ್ತೆ ಬಾಯಿ ಹಾಕಿದವು. ನನಗೆ ಮಾತ್ರ ಒಳಗೆ ಪ್ರವೇಶ ತಪ್ಪಿತು. ಸೀಗೆಕಾಯಿ ಹಾಕಿ ಎರಡು ಸಲ ಮಿಂದರೂ ಅವಳಿಗೆ ನಂಬಿಕೆ ಬರಲಿಲ್ಲ. ಮನೆಯೊಳಗಿನ ಕೆಲಸಕ್ಕೆ ಬಾರದವನೆಂದು ತೀರ್ಮಾನವಾಗಿ, ಕೆರೆಯಾಚೆಯ ತೋಟದಿಂದ ಸೊಪ್ಪು ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಸೊಪ್ಪು ಹೊರುವುದು ಸುಲಭವೆಂದುಕೊಂಡಿದ್ದೆ. ಹಿಪ್ಪುನೇರಳೆ ಸೊಪ್ಪನ್ನು ತಂಪು ಹೊತ್ತಿನಲ್ಲಿ ಬಿಡಿಸಿ, ಒದ್ದೆ ಗೋಣಿಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು ತರಬೇಕು. ಬಷೀರ್ ಸಾಬರ ಹಾಗೆ ಮೆಲ್ಲಗೆ ನಡೆದರೆ ಬಿಸಿಲೇರಿ ಸೊಪ್ಪು ಒಳಗೇ ಬೆಂದು ಬಾಡುತ್ತದೆ, ಬಾಡಿದ್ದನ್ನು ಹುಳು ಮೂಸುವುದಿಲ್ಲ. ಪುಟ್ಟರಾಜುವಿನ ಹಾಗೆ ಓಡಿದರೆ ಹೊರೆ ಒಂದು ಕಡೆ, ನಾನು ಒಂದು ಕಡೆ. ಎರಡನ್ನೂ ಮಾಡಿ ನೋಡಿದೆ. ಆಮೇಲೆ ಕಾಲುಗಳೇ ಒಂದು ವೇಗವನ್ನು ಹಿಡಿದವು. ಆ ವೇಗದಲ್ಲಿ ಬೆವರು ಬರುತ್ತಿತ್ತು, ನಾಲಿಗೆ ಒಳಗೇ ಇರುತ್ತಿತ್ತು. ಹಿಂದೆ ಇನ್ನೊಂದು ಹೊರೆ ಹೊತ್ತು ಸಾಕಮ್ಮ ಬರುತ್ತಿದ್ದಳು. ಮದುವೆಯಾದಾಗಿನಿಂದ ಹೇಳದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ಅವಳು ಹೇಳಿದ್ದು ಆ ದಾರಿಯಲ್ಲಿ. ನಮ್ಮಕ್ಕ ಅವಳ ಸೀರೆಗೆ ಹೆಸರಿಟ್ಟದ್ದು, ಮರಳವಾಡಿಯ ಅವಳ ತವರಿನ ಹಬ್ಬಕ್ಕೆ ನಾನು ಹೊಲಿಗೆಯ ನೆಪ ಹೇಳಿ ತಪ್ಪಿಸಿಕೊಂಡದ್ದು, ಎಲ್ಲವೂ ಬಂತು. "ಹೂಂ", "ಅಲ್ಲ", "ಅದು ಹಂಗಲ್ಲ ಕಣೇ" ಎನ್ನಲು ನನಗೆ ಉಸಿರಿತ್ತು. ತಿರುಗಿ ನಿಂತು ನಾಲ್ಕು ಮಾತು ಜೋರಾಗಿ ಹೇಳೋಣವೆಂದರೆ ಇರಲಿಲ್ಲ. ಮಾತಿಗೆ ಸಾಲಬೇಕು, ಜಗಳಕ್ಕೆ ಸಾಲಬಾರದು: ಡಾಕ್ಟರು ಹೇಳಿದ ವೇಗ ಇದೇ ಎಂದು ಒಂದು ಬೆಳಿಗ್ಗೆ ಏರಿಯ ಮೇಲೆ ನನಗೆ ಹೊಳೆಯಿತು. ಅವರು ಪಾಪ, ಮದುವೆಯಾಗದ ಹುಡುಗ, ಹಾಡಿನ ಉದಾಹರಣೆ ಕೊಟ್ಟಿದ್ದರು.

ಆ ಬೆಳೆ ಮುಗಿಯಿತು, ಅದರ ಬೆನ್ನಿಗೇ ಇನ್ನೊಂದು ಬೆಳೆ ಬಂತು. ಹುಳು ದೊಡ್ಡದಾದ ವಾರಗಳಲ್ಲಿ ಹೊರೆಯ ಮೇಲೆ ಹೊರೆ. ವಡೆ ಅಂಗಡಿಯ ಕಡೆ ಹೋಗಲು ಬಿಡುವಿರಲಿಲ್ಲ. ಕೊನೆಗೆ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ನೋಡುವುದು ನನಗೆ ಬಹಳ ಇಷ್ಟ. ಹುಟ್ಟಿದಾಗಿನಿಂದ ತಿನ್ನುವುದೊಂದನ್ನೇ ಕಲಿತ ಜೀವ, ಒಂದು ದಿನ ಇದ್ದಕ್ಕಿದ್ದಂತೆ ಸೊಪ್ಪಿನಿಂದ ಮುಖ ತಿರುಗಿಸುತ್ತದೆ. ಯಾವ ಡಾಕ್ಟರೂ ಹೇಳಿರುವುದಿಲ್ಲ. ಮೈ ಸಣ್ಣಗಾಗಿ, ಒಳಗಿನ ಬೆಳಕು ಕಾಣುವ ಹಾಗಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಯುಗಾದಿಗೆ ಟೇಪು ಹಿಡಿದಾಗ ನನ್ನ ಸೊಂಟವೂ ಇಳಿದಿತ್ತು. ಬೇರೆ ಬಣ್ಣದ ತುಂಡನ್ನು ಬಿಚ್ಚಿ ಎಸೆದೆ. ಡಾಕ್ಟರು ಮಾತ್ರೆ ಬೇಡವೆಂದರು.

ಆ ಬೆಳೆಯೊಂದಿಗೆ ಸಾಕಮ್ಮನಿಗೂ ಸಾಕಾಗಿತ್ತು. ಮಳೆಗಾಲ ಕಳೆಯುವವರೆಗೆ ಹುಳು ಬೇಡ, ಒಂದಷ್ಟು ದಿನ ನಡುಮನೆಯಲ್ಲಿ ಕಾಲು ಚಾಚಿ ಮಲಗುತ್ತೇನೆ ಎಂದಳು. ನನಗೂ ಸಂತೋಷವೇ ಆಯಿತು. ಹೊರೆಯಿಲ್ಲದೆಯೂ ದಿನಾ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ನಡೆಯುವುದಾಗಿ ಅವಳಿಗೆ ಮಾತು ಕೊಟ್ಟೆ. ಎರಡು ದಿನ ನಡೆದೆ. ಮೂರನೆಯ ದಿನ ಮೋಡವಾಗಿತ್ತು. ಬರಿತಲೆಯಲ್ಲಿ ನಡೆಯಲು ಏನೋ ನಾಚಿಕೆ, ನಾನು ನಡೆಯದಿದ್ದರೆ ಬಾಡುವಂಥದ್ದು ಏನೂ ಇರಲಿಲ್ಲ. ಸಂಜೆ ಬಷೀರ್ ಸಾಬರು ಕರೆದರು. ಮೆಲ್ಲಗೆ ನಡೆದೆವು.

ಒಂದು ಭಾನುವಾರ ಜಗಲಿಯಲ್ಲಿ ಕೂತು ನನ್ನ ಪ್ಯಾಂಟನ್ನು ಸಡಿಲ ಮಾಡಲು ಹಿಂದಿನ ಹೊಲಿಗೆಯನ್ನು ಮತ್ತೆ ಬಿಚ್ಚುತ್ತಿದ್ದೆ. ಸಾಕಮ್ಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಮಾರನೆಯ ದಿನ ಬಸ್ಸಿನಲ್ಲಿ ರಾಮನಗರಕ್ಕೆ ಹೋಗಿ ಬಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹುಳುವಿನ ಮೊಟ್ಟೆಯ ಹಾಳೆಗಳು ಅವಳ ಕೈಯಲ್ಲಿದ್ದವು. ನಡುಮನೆಯಲ್ಲಿ ಹಾಸಿದ್ದ ಹಾಸಿಗೆಯನ್ನು ಸುತ್ತಿ ಜಗಲಿಗೆ ತಂದು ಹಾಕಿದಳು.

"ಈಗ ಹುಳ ಬ್ಯಾಡ ಅಂದಿದ್ದೆ. ಕಾಲ್ ಚಾಚ್ಕಂಡ್ ಮಲಿಕತ್ತೀನಿ ಅಂದಿದ್ದೆ" ಎಂದೆ.

"ಹುಳ ಸಾಕಕ್ಕಲ್ಲ ತಂದಿರಾದು" ಎಂದಳು. ನನ್ನ ತೊಡೆಯ ಮೇಲಿನ ಪ್ಯಾಂಟನ್ನು ತೆಗೆದು ಪಕ್ಕಕ್ಕಿಟ್ಟಳು. "ಅವತ್ತು ಮಾವನ್ಗೆ ಅಂಗಡೀಗೆ ಬುತ್ತಿ ತಂದೋಳು ನಾನು. ಮಿಷನ್ ಮ್ಯಾಲೆ ತಲೆ ಇಟ್ಟಿದ್ರು, ನಿದ್ದೆ ಮಾಡ್ತಾವ್ರೆ ಅಂತ ಬುತ್ತಿ ಇಡ್ಕಂಡು ಎಷ್ಟೊತ್ತೋ ನಿಂತಿದ್ದೆ. ಇನ್ನೊಂದ್ ಕಿತ ನನ್ ಕೈಲಿ ನಿಲ್ಲಕ್ಕಾಗಲ್ಲ."

ಇಷ್ಟು ವರ್ಷಗಳಲ್ಲಿ ಅವಳು ಈ ಮಾತನ್ನು ಎತ್ತಿರಲಿಲ್ಲ, ಆ ಏರಿಯ ದಾರಿಯಲ್ಲಿ ಕೂಡ. ಹುಳುವಿಗೆ ಒಂದು ತಿಂಗಳಿಗೆ ಬರುವ ಬುದ್ಧಿ ನನಗೆ ಐವತ್ತು ದಾಟಿದರೂ ಬಂದಿಲ್ಲ. ನನ್ನನ್ನು ತಟ್ಟೆಯಲ್ಲಿಟ್ಟು ಹಣ್ಣಾಗುವವರೆಗೆ ಕಾಯಲು ಇವಳು ತನ್ನ ನಡುಮನೆಯನ್ನು ಬಿಟ್ಟುಕೊಟ್ಟಿದ್ದಾಳೆ. ಇಷ್ಟೆಲ್ಲ ಬೇಕಾಗಿರಲಿಲ್ಲ, ನಾನೇ ನಡೆಯುತ್ತಿದ್ದೆ ಎಂದು ಜಗಳ ತೆಗೆಯಲು ಬಾಯಿ ತೆರೆದೆ. ಕೂತೇ ಇದ್ದೆ, ಹೊರೆಯಿರಲಿಲ್ಲ, ಉಸಿರು ಬೇಕಾದಷ್ಟಿತ್ತು. ಆದರೂ ಎದ್ದು ಚಪ್ಪಲಿ ಮೆಟ್ಟಿಕೊಂಡು, ಸೊಪ್ಪು ಎಷ್ಟು ಚಿಗುರಿದೆಯೋ ನೋಡಿ ಬರುತ್ತೇನೆಂದು ಕೆರೆಯಾಚೆ ಹೊರಟೆ.