ಗೋವಿಂದಯ್ಯನ ಎಡಗಾಲು

ಗೋವಿಂದಯ್ಯನ ಸೊಂಟ ಹಿಡಿದುಕೊಂಡದ್ದು ಕಾಫಿ ಮೂಟೆ ಎತ್ತುವಾಗ ಅಲ್ಲ. ಬೆಳಗ್ಗೆ ಎದ್ದು ಹೊಸ್ತಿಲ ಬಳಿ ಬಿದ್ದಿದ್ದ ಮೋಟು ಬೀಡಿ ಎತ್ತಿಕೊಳ್ಳುವಾಗ. ನೋವಿಗಿಂತ ಹೆಚ್ಚಾಗಿ ಅವನಿಗೆ ಸಿಟ್ಟು ಬಂದದ್ದು ಅದಕ್ಕೇ. ಹುಣಸೂರಿನ ಕಾಫಿ ವರ್ಕ್ಸಿನಲ್ಲಿ ಇಷ್ಟು ವರ್ಷ ತನಗಿಂತ ಭಾರದ ಮೂಟೆ ಹೊತ್ತ ಹಮಾಲಿ, ಒಂದು ಬೀಡಿಗೆ ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟ.

"ಲೇ ಸಿದ್ದೀ, ಬಾರೇ ಇಲ್ಲಿ! ಸೊಂಟ ಇಡ್ಕತು!"

ಹೆಂಡತಿ ಚಿಕ್ಕಸಿದ್ದಮ್ಮ ರಾಗಿಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗಂಡನನ್ನು ಮೇಲಿಂದ ಕೆಳಕ್ಕೆ ನೋಡಿ, "ಊರ್ನೋರ್ ಸೊಂಟಕ್ಕೆಲ್ಲ ನೀವು ಒದೀತೀರಿ. ನಿಮ್ ಸೊಂಟಕ್ಕೆ ಈಗ ಯಾರ್ ಒದೀಬೇಕು?" ಎಂದಳು.

ತೊಂದರೆ ಇದ್ದದ್ದೇ ಅಲ್ಲಿ. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ಆ ಸೀಮೆಯಲ್ಲೆಲ್ಲ ನಂಬಿಕೆ. ಹುಣಸೂರಿನಲ್ಲಿ ಹಾಗೆ ಹುಟ್ಟಿದವನೆಂದರೆ ಗೋವಿಂದಯ್ಯ ಒಬ್ಬನೇ. ಅವನ ಅವ್ವ ಸಾಯುವತನಕ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಭಾನುವಾರ ಬಂತೆಂದರೆ ರಾವಂದೂರಿನಿಂದ, ಹಂಪಾಪುರದಿಂದ ಜನ ಬಂದು ಒದೆಸಿಕೊಂಡು, ಕೈಮುಗಿದು, ವೀಳ್ಯದೆಲೆ ಕೊಟ್ಟು ಹೋಗುತ್ತಿದ್ದರು.

ಈ ಪುಣ್ಯದ ಕೆಲಸವನ್ನು ಕೆಡಿಸಿದವನು ವರ್ಕ್ಸಿನ ಮೇಸ್ತ್ರಿ ವೀರಭದ್ರಸ್ವಾಮಿ. ಆ ವರ್ಷ ಕೊಡಗಿನಿಂದ ಕಾಫಿ ಗಾಡಿಗಳು ಒಂದರ ಹಿಂದೊಂದು ಬಂದು, ಹಮಾಲಿಗಳು ಒಬ್ಬರ ಹಿಂದೊಬ್ಬರು ಸೊಂಟ ಹಿಡಿದು ಮಲಗಿದರು. ಮೂಟೆ ಸಣ್ಣದು ಮಾಡಿ ಎಂದು ಕೇಳಿದರು, ಮಾಡಲಿಲ್ಲ. ಗಾಡಿ ಕೆಲಸದ ಅಬ್ದುಲ್ ಖಾದರ್ ತಾನೇ ಮರ ಕೊಯ್ದು ಎರಡು ಚಕ್ರದ ಕೈಗಾಡಿಯೊಂದನ್ನು ಮಾಡಿ ತಂದ. ಮೂಟೆ ಅದರ ಮೇಲಿಟ್ಟು ತಳ್ಳಿದರೆ ಯಾರ ಬೆನ್ನಿಗೂ ಅಪಾಯವಿಲ್ಲ ಎಂದ. ಮೇಸ್ತ್ರಿ ಆ ಗಾಡಿಯನ್ನು ಅಂಗಳದ ಹುಣಸೆಮರದ ಕೆಳಗೆ ಮೂಲೆಗೆ ನಿಲ್ಲಿಸಿ, ಹಮಾಲಿಗಳನ್ನೆಲ್ಲ ಕರೆದ.

"ಗಾಡಿ ಯಾಕ್ರಯ್ಯಾ? ಗೋವಿಂದನ ಕಾಲು ಪುಕ್ಕಟೆ ಐತಲ್ಲ! ಸೊಂಟ ಹಿಡ್ಕಂಡ್ ಮೇಲೆ ಒದೆಯೋದಲ್ಲ, ಹಿಡ್ಕಳೋಕ್ ಮುಂಚೇನೇ ಒದ್ಬಿಡಬೇಕು. ಅದು ಬುದ್ಧಿ!"

ಅಂದಿನಿಂದ ದಿನಾ ಗೇಟು ತೆರೆದ ಕೂಡಲೇ ಹಮಾಲಿಗಳು ಗೋಡೆ ಹಿಡಿದು ಸಾಲಾಗಿ ಬಗ್ಗಬೇಕು, ಗೋವಿಂದಯ್ಯ ಒದ್ದುಕೊಂಡು ಹೋಗಬೇಕು, ಆಮೇಲೆ ಎಲ್ಲರೂ ಅದೇ ಮೂಟೆಗಳನ್ನು ಹೊರಬೇಕು. ಬೆನ್ನು ಮುರಿಯುತ್ತಿದ್ದದ್ದು ಮೂಟೆ ಎಂಬುದು ಮೂಟೆ ಎಳೆದು ತಂದ ಎತ್ತುಗಳಿಗೂ ಗೊತ್ತಿತ್ತು. ಮೇಸ್ತ್ರಿಗೆ ಮಾತ್ರ ಗೊತ್ತಾಗಲಿಲ್ಲ, ಏಕೆಂದರೆ ಅವನು ಹೊರುತ್ತಿರಲಿಲ್ಲ. ಸಾಲದ್ದಕ್ಕೆ ಇನ್ನೊಂದು ಕಟ್ಟಳೆ ಮಾಡಿದ: ಇಷ್ಟಾದ ಮೇಲೂ ಸೊಂಟ ಹಿಡಿದುಕೊಂಡು ಬಂದವನಿಗೆ ಗೇಟಿನೊಳಗೆ ಜಾಗವಿಲ್ಲ.

ಈಗ ಒದೆಯುವವನ ಸೊಂಟವೇ ಹಿಡಿದಿತ್ತು. ಅದೂ ಮೈಸೂರಿನಿಂದ ವರ್ಕ್ಸಿನ ಸಾಹುಕಾರರು ಬಂದು ಈ ಒದೆಯುವ ಏರ್ಪಾಟನ್ನು ಕಣ್ಣಾರೆ ನೋಡುವ ದಿನ. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಒಲೆ ಆರುತ್ತದೆ.

ಚಿಕ್ಕಸಿದ್ದಮ್ಮನ ಕೂಗಾಟಕ್ಕೆ ಬೀದಿಯೇ ಸೇರಿತು. ಒಬ್ಬಳು ಬಿಸಿ ಉಪ್ಪಿನ ಶಾಖ ಕೊಡು ಎಂದಳು, ಇನ್ನೊಬ್ಬಳು ಹರಳೆಣ್ಣೆ ಎಂದಳು. ಪಕ್ಕದ ಮನೆಯ ಸಣ್ಣತಾಯಮ್ಮ ಮಾತ್ರ ತಲೆ ಓಡಿಸಿದಳು.

"ಕಾಲು ಇವುಂದೇ ತಾನೆ? ಮೆಟ್ಟೂ ಇವುಂದೇ. ಆ ಕಾಲಲ್ಲಿ ಸವೆದ ಮೆಟ್ಟಲ್ಲಿ ಒಡುದ್ರೆ, ಕಾಲಲ್ಲಿ ಒದ್ದಂಗೇ ಅಲ್ವಾ?"

"ಮುಟ್ಟಿದ್ರೆ ನೋಡು!" ಎಂದು ಗೋವಿಂದಯ್ಯ ಅಬ್ಬರಿಸಿದ. ಆದರೆ ಬಗ್ಗಿ ನಿಂತವನು ಎಷ್ಟು ಅಬ್ಬರಿಸಿದರೂ ಅದು ನೆಲಕ್ಕೇ ಕೇಳಿಸುವುದು. ಸಣ್ಣತಾಯಮ್ಮ ಅವನ ಎಡಗಾಲಿನ ಮೆಟ್ಟು ಎತ್ತಿಕೊಂಡು, ನಡುಬೀದಿಯಲ್ಲಿ, ಅವನ ಸೊಂಟಕ್ಕೆ ಪಟಪಟನೆ ಬಾರಿಸಿದಳು.

ಸಂತೆಗೆ ಹೊರಟಿದ್ದವನೊಬ್ಬ ನಿಂತು ಕೇಳಿದ: "ಏನಮ್ಮಾ, ಕೋಳಿ ಕದ್ನಾ?"

"ಕದ್ದಿಲ್ಲ ಕಣಯ್ಯೋ, ವಾಸಿ ಮಾಡ್ತಾವ್ನಿ."

"ಅಂಗಾದ್ರೆ ಇನ್ನೂ ನಾಕು ಆಕು" ಎಂದು ಅವನು ಹೊರಟುಹೋದ. ಮೈಯೆಲ್ಲ ಉರಿದು, ಸೊಂಟ ಇನ್ನಷ್ಟು ಬಿಗಿದು, ಗೋವಿಂದಯ್ಯ ಬಗ್ಗಿಕೊಂಡೇ ಕೆಲಸದ ದಾರಿ ಹಿಡಿದ.

ದಾರಿಯಲ್ಲಿ ಅಬ್ದುಲ್ ಖಾದರ್ ಸಿಕ್ಕಿದ. "ಅರೆ ಗೋವಿಂದಣ್ಣ, ನೆಲ ನೋಡ್ಕೊಂಡು ಬರ್ತಾ ಇದ್ದೀಯ, ಏನ್ ಬೀಳಿಸ್ಕೊಂಡೆ?"

"ಮಾನ" ಎಂದ ಗೋವಿಂದಯ್ಯ.

ಸಂಗತಿ ಕೇಳಿದ ಖಾದರ್ ತಾನೂ ಕೆಂಡವಾದ. "ಇವತ್ತು ಸಾಹುಕಾರ್ರ ಮುಂದೆ ಬಾಯ್ ಬಿಟ್ಟು ಹೇಳಣ್ಣ! ಒದೆಯಿಂದ ಏನೂ ಆಗಲ್ಲ, ಗಾಡಿ ಬೇಕು ಅಂತ. ನಾನು ಹೇಳಿದ್ರೆ ವ್ಯಾಪಾರಕ್ಕೆ ಅಂತಾರೆ. ಒದೆಯೋನೇ ಹೇಳಿದ್ರೆ ಕೇಳ್ತಾರೆ."

"ಏಳಿದ್ರೆ ಮೇಸ್ತ್ರಿ ಗೇಟಿಂದಾಚೆ ನೂಕ್ತಾನೆ ಕಣ್ಲಾ."

"ಹೇಳ್ದೆ ಇದ್ರೆ ಒದೀಬೇಕಲ್ಲ, ಹೆಂಗೆ ಒದೀತೀಯ?"

ಖಾದರ್ ಅವನ ತೋಳು ಹಿಡಿದುಕೊಂಡು ಜೊತೆಯಲ್ಲೇ ಬಂದ.

ವರ್ಕ್ಸಿನ ಅಂಗಳದಲ್ಲಿ ಹಮಾಲಿಗಳು ಆಗಲೇ ಗೋಡೆ ಹಿಡಿದು ಬಗ್ಗಿದ್ದರು. ಒಂದು ಕಡೆ ಹೆಂಗಸರು ಕೂತು ಕಾಫಿ ಬೀಜ ಆರಿಸುತ್ತಿದ್ದರು. ಅವರ ನಡುವೆ ಮುದುಕಿ ಬೀರಮ್ಮ. ಒಂದು ಕಾಲಕ್ಕೆ ಊರಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ಎಲ್ಲರೂ ಬಗ್ಗಿದ್ದರಿಂದ ಗೋವಿಂದಯ್ಯನೂ ಬಗ್ಗಿದ್ದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಅಷ್ಟರಲ್ಲಿ ಸಾಹುಕಾರರ ಮೋಟಾರು ಬಂತು. ಮೇಸ್ತ್ರಿ ಹಲ್ಲುಕಿರಿಯುತ್ತ ಓಡಿದ.

"ಇವನೇ ಬುದ್ಧೀ, ಕಾಲು ಮುಂದಾಗಿ ಹುಟ್ಟಿದೋನು. ಗೋವಿಂದಾ, ಶುರು ಮಾಡ್ಲಾ!"

ಗೋವಿಂದಯ್ಯ ಹಲ್ಲು ಕಚ್ಚಿ ಎಡಗಾಲು ಎತ್ತಿದ. ಕಾಲು ಒಂದು ಗೇಣು ಮೇಲೆದ್ದಿತು, ಸೊಂಟದಲ್ಲಿ ಛಳಕ್ ಎಂದಿತು. ಮರುಕ್ಷಣ ಅವನು ಹೆಂಗಸರು ಆರಿಸಿಟ್ಟ ಕಾಫಿ ಬೀಜದ ರಾಶಿಯ ಮೇಲೆ ಮಕಾಡೆ ಬಿದ್ದಿದ್ದ. ಬಿದ್ದಲ್ಲೇ ಅವನ ಸಿಟ್ಟು ಕಟ್ಟೆಯೊಡೆಯಿತು.

"ಸುಳ್ಳು ಬುದ್ಧೀ, ಎಲ್ಲಾ ಸುಳ್ಳು! ಒದುದ್ರೆ ಸೊಂಟ ಉಳಿಯಂಗಿದ್ರೆ ನನ್ ಸೊಂಟ ಯಾಕೋಯ್ತು? ನಮ್ಮನ್ನ ಸಾಯಿಸ್ತಿರೋದು ಈ ಮೂಟೆ! ಗಾಡಿ ಅಲ್ಲಿ ಗೆದ್ಲಿಡೀತೈತೆ, ನಾವು ಇಲ್ಲಿ ಒದೆ ತಿಂತಿದ್ದೀವಿ ಅಂದ್ರೆ, ಇದ್ಯಾವ ನ್ಯಾಯ?"

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ಬಾಯ್ಮುಚ್ಚೋ! ಕಾಲು ಮುಂದಾಗಿ ಹುಟ್ಟಿದೋನು ನೀನು, ನೀನೇ ಹಿಂಗಂದ್ರೆ..."

"ಅವ್ನೆಲ್ಲಿ ಕಾಲು ಮುಂದಾಗ್ ಉಟ್ಟಿದ?" ಎಂದು ಬೀರಮ್ಮ ಮೊರದಿಂದ ತಲೆಯೆತ್ತಿದಳು. "ಇಡ್ದೋಳು ನಾನು. ಎಲ್ರಂಗೆ ತಲೆ ಮುಂದಾಗೇ ಬಂದ. ಅವ್ರವ್ವ ಅಂಗೇಳ್ಕಂಡು ಕುಸಿ ಪಡ್ತಿದ್ಲು, ನಾನ್ಯಾಕೆ ಇಲ್ಲ ಅನ್ಲಿ ಅಂತ ಸುಮ್ಕಿದ್ದೆ."

ಗೋವಿಂದಯ್ಯನಿಗೆ ಸೊಂಟದ ನೋವೇ ಮರೆತುಹೋಯಿತು. ಇನ್ನು ಒದೆಯಬೇಕಾಗಿಲ್ಲ! ಖಾದರ್ ಆಗಲೇ ಕೈಗಾಡಿಯನ್ನು ಗಡಗಡ ತಳ್ಳಿಕೊಂಡು ಬಂದಿದ್ದ. ಸಾಹುಕಾರರು ಅದರ ಚಕ್ರ ತಿರುಗಿಸಿದರು, ಹಿಡಿ ಅಲುಗಿಸಿದರು, ಗಟ್ಟಿಯಾಗಿದೆ ಎಂದರು. ಹಮಾಲಿಗಳು ಒಬ್ಬೊಬ್ಬರಾಗಿ ಗೋಡೆ ಬಿಟ್ಟು ನೆಟ್ಟಗಾದರು.

"ಹಾಗಾದರೆ ಗಾಡಿಯನ್ನೇ ತೆಗೆದುಕೊಳ್ಳೋಣ" ಎಂದ ಸಾಹುಕಾರರು, ಏನೋ ನೆನಪಾದವರಂತೆ ಮುದುಕಿಯತ್ತ ತಿರುಗಿದರು. "ಅಲ್ಲಾ ಬೀರಮ್ಮ, ಈ ಊರಲ್ಲಿ ಕಾಲು ಮುಂದಾಗಿ ಹುಟ್ಟಿದವರು ಯಾರೂ ಇಲ್ಲವೇ?"

"ಇಲ್ದೆ ಏನು ಬುದ್ಧೀ? ಅದೇ ದಿನ ಮೇಲಿನ್ ಬೀದೀಲಿ ಒಂದು ಇಡ್ದಿದ್ದೆ. ದೊಡ್ಡ ಮನೆಯೋರು, ಕಂಡೋರೆಲ್ಲ ಒದೆಸ್ಕಳಾಕೆ ಬಾಗ್ಲಿಗೆ ಬತ್ತಾರೆ, ಬಾಯಿ ಬುಡಬ್ಯಾಡ ಅಂದಿದ್ರು. ನಿಂತವ್ರಲ್ಲ, ನಿಮ್ ಮೇಸ್ತ್ರಿ. ಅವ್ರೇಯ."

ಎಲ್ಲರೂ ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ತನ್ನ ಎಡಗಾಲನ್ನು ನೋಡಿಕೊಂಡ. ಅವನ ಮುಖದ ಕಪ್ಪು ಹೋಗಿ ನಿಧಾನವಾಗಿ ಕಳೆ ಬಂತು.

"ನೋಡಿದಿರಾ!" ಎಂದು ಸಾಹುಕಾರರು ತೊಡೆ ತಟ್ಟಿದರು. "ಏರ್ಪಾಟಿನಲ್ಲಿ ತಪ್ಪಿರಲಿಲ್ಲ, ಆಳಿನಲ್ಲಿ ತಪ್ಪಿತ್ತು!"

ಗಾಡಿಯನ್ನೂ ಅವರು ಬಿಡಲಿಲ್ಲ. ದಿನಾ ಇಷ್ಟು ಜನಕ್ಕೆ ನಿಂತು ಕಾಲೆತ್ತಿ ಒದ್ದರೆ ಪಾಪ, ಮೇಸ್ತ್ರಿಗಳ ಸೊಂಟದ ಗತಿ ಏನು? ಕೊಂಡ ಗಾಡಿಗೆ ಗೋಣಿಯ ಮೆತ್ತೆ ಹಾಕಿಸಿದರು. ಒರಗಿಕೊಳ್ಳಲು ಹಲಗೆಯನ್ನೂ ಜಡಿಸಿದರು. ಜಡಿದವನು ಖಾದರ್, ಒಂದೊಂದು ಮೊಳೆಗೂ ಒಂದೊಂದು ಶಾಪ ಹಾಕುತ್ತ.

ಗೋವಿಂದಯ್ಯನ ಕೆಲಸ ಹೋಗಲಿಲ್ಲ. ನಿಜವಾದ ಒದೆ ಬಿದ್ದರೆ ಸೊಂಟ ಬಿಡುತ್ತದೆ, ಆಮೇಲೆ ಮೂಟೆ ಹೊರಲು ಅವನಿಗೇನು ಧಾಡಿ ಎಂದು ಮೇಸ್ತ್ರಿಯೇ ದೊಡ್ಡ ಮನಸ್ಸು ಮಾಡಿದ. ಮರುದಿನ ಬೆಳಗ್ಗೆ ಹಮಾಲಿಗಳು ಗೋಡೆ ಹಿಡಿದು ಸಾಲಾಗಿ ನಿಂತರು. ಮೆತ್ತೆಯ ಮೇಲೆ ಒರಗಿ ಕೂತ ವೀರಭದ್ರಸ್ವಾಮಿ, ಬೂಟನ್ನೂ ಬಿಚ್ಚದೆ ಎಡಗಾಲು ಚಾಚಿದ. ಇಬ್ಬರು ಗಾಡಿ ತಳ್ಳಿದರು.

ಸಾಲಿನಲ್ಲಿ ಮೊದಲನೆಯವನು ಗೋವಿಂದಯ್ಯ. ಉಳಿದವರಿಗೆಲ್ಲ ಬಗ್ಗು ಎಂದು ಹೇಳಬೇಕಾಯಿತು. ಅವನಿಗೆ ಹೇಳಬೇಕಾಗಲಿಲ್ಲ, ಅವನು ಇನ್ನೂ ನೆಟ್ಟಗಾಗಿರಲೇ ಇಲ್ಲ.